ಮೊದಲ ದರ್ಜೆಯ ನೀರು

ಅಪ್ಪನಿಗೆ,

ನಿಮ್ಮ ನೀರು ಶುದ್ಧೀಕರಣ ಘಟಕಕ್ಕೆ ಪರೀಕ್ಷಾ ತಂಡ ಈ ಸಲವೂ ಮೊದಲ ದರ್ಜೆ ಕೊಟ್ಟಿತಂತೆ. ಪತ್ರಿಕೆಯಲ್ಲಿ ಫೋಟೊ ನೋಡಿದೆ. ಹೊಸ ಕೋಟು ನಿಮಗೆ ಒಪ್ಪುತ್ತದೆ.

ಅತ್ತೆ ನೀರು ಕುದಿಸಲು ಹೋದಾಗಲೆಲ್ಲ, ‘ನಮ್ಮಪ್ಪನ ನೀರು, ಹಾಗೇ ಕುಡೀರಿ’ ಎಂದು ಜಂಬದಿಂದ ಒಲೆ ಆರಿಸುತ್ತಿದ್ದವಳು ನಾನು. ಈಗ ನಿಮ್ಮ ಮೊಮ್ಮಗಳು ಕಾಮಾಲೆಯಿಂದ ಆಸ್ಪತ್ರೆಯಲ್ಲಿದ್ದಾಳೆ.

ನಿನ್ನೆ ಅವಳ ಹಳದಿ ಕಣ್ಣು ನೋಡಿ ಅಮ್ಮ ಬಾಯಿಬಿಟ್ಟಳು: ‘ಕುದಿಸ್ಬಾರ್ದಿತ್ತೇನೇ? ಪರೀಕ್ಷೆಯವರು ಬಂದಾಗ ಮಾತ್ರ ಘಟಕದಲ್ಲಿ ಕ್ಲೋರಿನ್ ಸರಿಯಾಗಿ ಹಾಕ್ತಾರಂತೆ. ಈಚೆಗೆ ನಿಮ್ಮಪ್ಪ ಮನೇಲಿ ಕುದಿಸದ ನೀರು ಮುಟ್ಟೋದೇ ಇಲ್ಲ.’

ಮಗುವನ್ನು ನೋಡಲು ಬರುವಾಗ ಹಣ್ಣುಹಂಪಲು ಬೇಡ. ನೀವು ಕುಡಿಯುವ ನೀರನ್ನೇ ಒಂದು ಫ್ಲಾಸ್ಕ್ ತನ್ನಿ.

ಇಂತಿ,
ನಿಮ್ಮ ನೀರನ್ನು ನಂಬಿದ್ದ ಮಗಳು