ಖೋ ಅನ್ನದ ಕೈ

ಸವಳಂಗ
೧೮ ಜೂನ್ ೨೦೨೫, ಬುಧವಾರ

ಪ್ರೀತಿಯ ಅಕ್ಕಾ,

ಹೇಗಿದ್ದೀಯಾ? ಕಾರ್ತಿಕದಲ್ಲಿ ನಮ್ಮ ಕೈಯಾರೆ ಮಣ್ಣು ಹಾಕಿ ಬಂದವಳನ್ನು ಹೀಗೆ ಕೇಳಬಾರದು ಅಂತ ಗೊತ್ತು. ಆದರೆ ಕಾಗದ ಬರೆಯುವಾಗ ಮೊದಲು ಆರೋಗ್ಯ ವಿಚಾರಿಸಬೇಕು ಅಂತ ನನಗೆ ಕಲಿಸಿದವಳೇ ನೀನು. ಆ ಸುಡುಗಾಡು ಜ್ವರ ಈಗಲಾದರೂ ಬಿಟ್ಟಿದೆಯೇ? ಕೊನೆಗೆ ನೀರೂ ಗಂಟಲಲ್ಲಿ ಇಳಿಯುತ್ತಿರಲಿಲ್ಲವಲ್ಲ, ಈಗ ಬಾಯಾರಿಕೆ ಇಲ್ಲ ತಾನೆ? ಇಲ್ಲಿ ಅಪ್ಪನ ಮೊಣಕಾಲು ನೋವು ಹಾಗೇ ಇದೆ, ಅಮ್ಮನ ಬಾಯಿಯೂ ಹಾಗೇ ಇದೆ. ನಿನ್ನ ಮಗಳು ಅಂಬಿಕಾ ಚನ್ನಗಿರಿಯಲ್ಲಿ ಎಲ್‌ಕೆಜಿಗೆ ಸೇರಿದ್ದಾಳೆ. ಎಲ್ಲ ಮಕ್ಕಳೂ ಸ್ಕೂಲಿಗೆ ಹೋಗುವಾಗ ಅತ್ತರೆ ಇವಳು ಮನೆಗೆ ಬರುವಾಗ ಅಳುತ್ತಾಳೆ.

ಸುದ್ದಿ ಅಂದರೆ ಒಂದೇ. ನನ್ನನ್ನು ನಿನ್ನ ಗಂಡನಿಗೇ ಕೊಡಬೇಕು ಅಂತ ಎರಡೂ ಮನೆಯವರು ಮಾತಾಡಿಕೊಂಡಿದ್ದಾರೆ. ಆಷಾಢ ಬರುವ ಮೊದಲೇ ಎಲೆ ಅಡಿಕೆ ಬದಲಾಯಿಸಬೇಕಂತೆ. ಕೂಸಿಗೆ ತಾಯಿ ಬೇಕು, ಹೊರಗಿನವಳು ಬಂದರೆ ಹೇಗೆ ನೋಡಿಕೊಳ್ಳುತ್ತಾಳೋ ಏನೋ, ಚಿಕ್ಕಮ್ಮನಾದರೆ ಸ್ವಂತ ರಕ್ತ ಅನ್ನುತ್ತಾರೆ. ಈ ಮಾತುಗಳಲ್ಲಿ ಒಂದೂ ಸುಳ್ಳಲ್ಲ, ಅದಕ್ಕೇ ನನಗೆ ಇಷ್ಟು ಸಿಟ್ಟು. ಭಾವ ಮಾತ್ರ ಹಿರಿಯರ ಎದುರು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ತಮ್ಮ ಮೋಟಾರ್ ರಿಪೇರಿ ಅಂಗಡಿಯಲ್ಲಿ ತಾಮ್ರದ ತಂತಿ ಸುತ್ತುತ್ತಾ ತಲೆ ತಗ್ಗಿಸಿ ಕೂತಿರುತ್ತಿದ್ದರು.

ಇಷ್ಟಕ್ಕೆಲ್ಲ ಅರ್ಧ ಕಾರಣ ನೀನು. ನಿನ್ನ ಕಾರ್ಯ ಮುಗಿದ ಮೇಲೆ ಅಂಬಿಕಾಳನ್ನು ನೋಡಿಕೊಳ್ಳಲು ಚನ್ನಗಿರಿಗೆ ಹೋಗಿ ಬರುತ್ತಿದ್ದೆ. ಒಂದು ದಿನ ನಿನ್ನ ಅಡುಗೆಮನೆಯಲ್ಲಿ ಬಾಗಿಲಿಗೆ ಬೆನ್ನು ಮಾಡಿ ರೊಟ್ಟಿ ತಟ್ಟುತ್ತಿರುವಾಗ ಹಿಂದಿನಿಂದ ಕೈ ತಾಗಿತು. ಬೆನ್ನಿನ ನಟ್ಟನಡುವೆ, ಅಂಗೈ ಪೂರ್ತಿ ಊರಿ, ನೀನು ಖೋಖೋ ಆಟದಲ್ಲಿ ಮುಟ್ಟುತ್ತಿದ್ದ ಹಾಗೆಯೇ. ತಿರುಗಿದರೆ ಯಾರೂ ಇಲ್ಲ. ಆಮೇಲೆ ಹೋದಾಗಲೆಲ್ಲ ಹೀಗೇ ಆಯಿತು. ಹೆದರಿಕೆಯಾಯಿತು, ಸುಳ್ಳು ಯಾಕೆ ಹೇಳಲಿ, ಸಂತೋಷವೂ ಆಯಿತು. ತಡೆಯಲಾರದೆ ಅಮ್ಮನಿಗೆ ಹೇಳಿದೆ. ಅಮ್ಮನ ಹೊಟ್ಟೆಯಲ್ಲಿ ಮಾತು ನಿಲ್ಲುತ್ತದೆಯೇ? "ನೋಡೇ, ಅವಳ ಮನಸ್ಸಿನಾಗೂ ಅದೇ ಐತೆ. ತನ್ನ ಜಾಗದಾಗೆ ನಿನ್ನ ಕುಂದ್ರಿಸಾಕೆ ಬಂದಾಳೆ" ಅಂದಳು. ಸಂಜೆಯೊಳಗೆ ಚನ್ನಗಿರಿಗೆ ಫೋನೂ ಹೋಯಿತು. ಅಲ್ಲಿಂದ ಈಚೆಗೆ ಎಲ್ಲರ ಪಾಲಿಗೆ ಇದು ನಿನ್ನ ಅಪ್ಪಣೆ.

ಏನು ಕಷ್ಟ ಬಂದರೂ ಇವಳು ಖೋಖೋ ಅಂಕಣಕ್ಕೆ ಎಳೆದುಕೊಂಡು ಹೋಗುತ್ತಾಳೆ ಅಂತ ನೀನು ರೇಗಿಸುತ್ತಿದ್ದೆ. ಹೌದಮ್ಮ, ಏನೀಗ? ನನಗೆ ನೆಟ್ಟಗೆ ಅರ್ಥವಾದದ್ದು ಅದೊಂದೇ. ಸಾಲಿನಲ್ಲಿ ಕೂತವಳು ತಾನಾಗಿ ಏಳುವಂತಿಲ್ಲ. ಹಿಂದಿನಿಂದ ಬಂದವಳು ಬೆನ್ನು ಮುಟ್ಟಿ ಖೋ ಅಂದರೆ ಎದ್ದು ಓಡಬೇಕು. ಜಗಳೂರು ಕಡೆಯಿಂದ ಬಂದಿದ್ದ ನಮ್ಮ ಪಿ.ಟಿ. ಮೇಷ್ಟ್ರು ತಿಪ್ಪೇಶಪ್ಪನವರು ಅರಚುತ್ತಿದ್ದದ್ದು ನೆನಪಿದೆಯಾ? "ಕೈ ತಾಗ್ಬೇಕು, ಬಾಯಿ ಬಿಡ್ಬೇಕು, ಎರಡೂ ಒಟ್ಟಿಗೇ ಆಗ್ಬೇಕು. ಇಲ್ಲಾಂದ್ರೆ ಫೌಲ್ ಕಣ್ರಮ್ಮಾ!" ಆಗ ನಮ್ಮ ಸವಳಂಗ, ನ್ಯಾಮತಿ ಎಲ್ಲ ಇನ್ನೂ ಹೊನ್ನಾಳಿ ತಾಲ್ಲೂಕಿಗೇ ಸೇರಿದ್ದವು. ಹೊನ್ನಾಳಿಯ ಪಂದ್ಯದಲ್ಲಿ ನೀನು ಏದುಸಿರು ಬಿಡುತ್ತಾ ಬಂದು ನನ್ನ ಬೆನ್ನು ಮುಟ್ಟಿದೆ, ಖೋ ಅನ್ನಲಿಲ್ಲ. ನಿನ್ನ ಕೈಯಲ್ಲವೇ ಅಂತ ನಂಬಿ ನಾನು ಎದ್ದುಬಿಟ್ಟೆ. ಸೀಟಿ ಊದಿದರು, ಸಿಕ್ಕೇಬಿಟ್ಟಿದ್ದ ಹುಡುಗಿ ತಪ್ಪಿಸಿಕೊಂಡಳು, ಸೋತೆವು. "ನಾನು ಅಂದೀನಿ, ಯಾರಿಗೂ ಕೇಳ್ಸಿಲ್ಲ ಅಷ್ಟೆ" ಅಂತ ನೀನು ಬಸ್ಸಿನಲ್ಲಿ ಸವಳಂಗದವರೆಗೂ ವಾದ ಮಾಡಿದೆ. ಆ ಜಗಳ ನಮ್ಮಿಬ್ಬರ ನಡುವೆ ತೀರಲೇ ಇಲ್ಲ.

ಕಳೆದ ಭಾನುವಾರದ ಮಾತು ಕೇಳು. ಎರಡೂ ಮನೆಯವರು ನಿಮ್ಮ ನಡುಮನೆಯಲ್ಲಿ ಕೂತಿದ್ದರು. ನಿನ್ನ ಅತ್ತೆ ಕಸ್ತೂರಮ್ಮನವರು ರೂಢಿಯ ಮೇಲೆ "ಶಾಂತಲಾ, ಹಾಲು ಉಕ್ತೈತೆ ನೋಡವ್ವಾ" ಅಂದರು. ನಾನು "ಬಂದೇರೀ ಅತ್ತೆ" ಅಂದೆ! ನಿನ್ನ ಹೆಸರಿಗೆ ಓಗೊಟ್ಟದ್ದು ನನಗೆ ಗೊತ್ತಾಗಲೂ ಇಲ್ಲ. ಅಮ್ಮ ಕಣ್ಣೊರೆಸಿಕೊಂಡು ನಕ್ಕಳು, ಎಲ್ಲ ಕೂಡಿ ಬಂತು ಅನ್ನುವ ಹಾಗೆ. ಅಂಬಿಕಾ ಮಾತ್ರ ನನ್ನನ್ನು ನೋಡಲಿಲ್ಲ. ಎದ್ದು ನಿಂತು ಬಾಗಿಲ ಕಡೆ ನೋಡಿದಳು. ನಾನು ನಿನ್ನ ಜಾಗದಲ್ಲಿ ಕೂತರೆ ಆ ಕೂಸು ಒಂದು ದಿನ ಬಾಗಿಲ ಕಡೆ ನೋಡುವುದನ್ನೂ ಬಿಡುತ್ತದೆ. ಆಗ ನೀನೂ ಇರುವುದಿಲ್ಲ, ನಾನೂ ಇರುವುದಿಲ್ಲ. ಅವತ್ತಿನಿಂದ ನನಗೆ ಅನ್ನ ಸೇರುತ್ತಿಲ್ಲ.

ಅಕ್ಕಾ, ಇಷ್ಟು ದಿನ ಕೈ ಇಟ್ಟೆ, ಒಂದು ಸಲವಾದರೂ ಬಾಯಿ ಬಿಟ್ಟೆಯಾ? ಅಥವಾ ಅಂದೆಯೇನೋ, ನನಗೇ ಕೇಳಿಸಲಿಲ್ಲವೇನೋ. ನಾನಂತೂ ಕಿವಿಗೊಟ್ಟು ಕೇಳಿದೆ. ಒಲೆಯ ಸದ್ದು ಬಿಟ್ಟರೆ ಏನೂ ಇರಲಿಲ್ಲ.

ಅಲ್ಲಿ ಅಜ್ಜಿ ಸಿಕ್ಕಿದ್ದರೆ ನನ್ನ ಶರಣು ತಿಳಿಸು. ಅಪ್ಪ ದಿನವೂ ವಿಭೂತಿ ಹಚ್ಚಿಕೊಳ್ಳುವಾಗ ನಿನ್ನ ಹೆಸರು ಹೇಳುತ್ತಾರೆ. ಅಂಬಿಕಾ ಕೊಟ್ಟ ಮುತ್ತು ನನ್ನ ಕೆನ್ನೆಯ ಮೇಲೇ ಇದೆ, ಅದು ನಿನ್ನದು.

ನಿನ್ನ ಜಗಳಗಂಟಿ ತಂಗಿ,
ದಾಕ್ಷಾಯಿಣಿ

ಮರೆತ ಮಾತು: ಅಸಲು ಮಾತು ಬರೆಯದೆ ಕಾಗದ ಮಡಚುತ್ತಿದ್ದೆ. ಇವತ್ತು ಬೆಳಿಗ್ಗೆ ಅಂಗಡಿಗೇ ಹೋಗಿ ಭಾವನಿಗೆ ಹೇಳಿಬಿಟ್ಟೆ, ನನ್ನಿಂದ ಆಗುವುದಿಲ್ಲ, ಅಂಬಿಕಾಳಿಗೆ ಚಿಕ್ಕಮ್ಮನಾಗಿಯೇ ಇರುತ್ತೇನೆ ಅಂತ. ಅವರು ತಂತಿ ಕೆಳಗಿಟ್ಟು "ನಂಗೂ ಬ್ಯಾಡಾಗಿತ್ತು ದಾಕ್ಷಾಯಿಣಿ, ಹೆಂಗೆ ಹೇಳಾಕೆ ಬರ್ತೈತೆ ಅಂತ ಸುಮ್ನಿದ್ದೆ" ಅಂದು ಅತ್ತರು. ಅಲ್ಲಿಂದ ನಿನ್ನ ಮನೆಗೆ ಹೋದೆ. ಬಾಗಿಲಿಗೆ ಬೆನ್ನು ಮಾಡಿ, ಹಿಟ್ಟು ಮುಗಿಯುವ ತನಕ ರೊಟ್ಟಿ ತಟ್ಟಿದೆ. ಕೈ ಬರಲಿಲ್ಲ. ಮತ್ತೆ ಹಿಟ್ಟು ಕಲಸಿದೆ. ಆಗಲೂ ಬರಲಿಲ್ಲ. ಸಿಟ್ಟು ಬಂತೇ? ಖೋ ಅನ್ನಬೇಡ, ಏನೂ ಅನ್ನಬೇಡ. ಸುಮ್ಮನೆ ಒಂದು ಸಲ ಮುಟ್ಟಿ ಹೋಗು, ಅಕ್ಕಾ.