ಶನಿವಾರ ಹಾಕಿದ ಹೊಗೆ

ಕಾಯ್ಕಿಣಿ
9-12-2024, ಸೋಮವಾರ

ನನ್ನ ಭಾರತಿಗೆ ಅಮ್ಮ ಮಾಡುವ ಆಶೀರ್ವಾದ.

ಮಗು ಈಗ ಹೇಗೆ ಉಸಿರಾಡುತ್ತಿದೆ? ಇದೊಂದನ್ನು ಕೇಳಲು ಬೆಳಿಗ್ಗೆಯಿಂದ ನಾಲ್ಕು ಸಲ ಫೋನ್ ಹಿಡಿದೆ, ನಾಲ್ಕು ಸಲವೂ ಇಟ್ಟೆ. ಆಸ್ಪತ್ರೆಯಲ್ಲಿ ಫೋನ್ ಇರುವುದು ಅಳಿಯ ಶ್ರೀಧರನ ಕೈಯಲ್ಲಿ, ಪಕ್ಕದಲ್ಲಿ ನಿನ್ನ ಅತ್ತೆ. ನಾನು ಹೇಳಬೇಕಾದ್ದು ಅವರೆದುರು ಬಾಯಿಂದ ಹೊರಡುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ತಮ್ಮ ರೂಪೇಶ ಮಧ್ಯಾಹ್ನದ ಬಸ್ಸಿಗೆ ಹೊನ್ನಾವರಕ್ಕೆ ಬರುವಾಗ ಗಂಜಿ, ಬಟ್ಟೆಯ ಜೊತೆ ಇದನ್ನೂ ಕೊಡುತ್ತಾನೆ. ಒಬ್ಬಳೇ ಇರುವಾಗ ಓದು.

ಶನಿವಾರ ಬೆಳಿಗ್ಗೆ ನಾನು ಮಗುವಿಗೆ ಹೊಗೆ ಹಾಕಿದ್ದೆ.

ಹೆರಿಗೆಯಾಗಿ ಆಸ್ಪತ್ರೆಯಿಂದ ಬಂದ ದಿನವೇ ನೀನು ಹೇಳಿದ್ದೆ, ಎಂಟನೇ ತಿಂಗಳಿಗೇ ಹುಟ್ಟಿದ ಮಗು, ಶ್ವಾಸಕೋಶ ಇನ್ನೂ ಬಲಿತಿಲ್ಲ, ಎಣ್ಣೆ ಹಚ್ಚು, ಮೀಸು, ಹೊಗೆ ಮಾತ್ರ ಬೇಡ ಎಂದು. ಆತು ಅಂದಿದ್ದೆ. ಇಪ್ಪತ್ತಾರು ದಿನ ಮಾತು ಉಳಿಸಿಕೊಂಡೆ. ಶುಕ್ರವಾರ ಅದರ ಮೂಗು ಗೊರಗೊರ ಎನ್ನತೊಡಗಿತು. ಮೂವತ್ತು ವರ್ಷದಿಂದ ಈ ಕೇರಿಯ ಶಿಶುಗಳನ್ನೆಲ್ಲ ಕಾಲ ಮೇಲೆ ಮಲಗಿಸಿಕೊಂಡು ಮೀಸಿದವಳು ನಾನು. ಶೀತಕ್ಕೆ ಹೊಗೆಗಿಂತ ಬೇರೆ ಮದ್ದುಂಟೇ ಎಂದುಕೊಂಡೆ. ನೀನು ಮಿಂದು ಬಂದು ನಿದ್ದೆ ಹೋಗಿದ್ದೆ. ತೆಂಗಿನ ಗರಟೆಯ ಕೆಂಡಕ್ಕೆ ಲೋಬಾನ, ಓಮ, ಬೆಳ್ಳುಳ್ಳಿ ಸಿಪ್ಪೆ ಹಾಕಿದೆ. ಗಾಳಿ ತಾಗಬಾರದೆಂದು ನೀನು ಮಲಗಿದ್ದ ಕೋಣೆಯ ಬಾಗಿಲು, ಕಿಟಕಿ ಎರಡನ್ನೂ ಮುಚ್ಚಿದೆ. ಮಗುವನ್ನು ಅಂಗೈ ಮೇಲೆ ಬೋರಲು ಹಿಡಿದು ಹೊಗೆಯ ಮೇಲೆ ಆಡಿಸಿದೆ. ಅದು ಎರಡು ಸಲ ಕೆಮ್ಮಿತು. ಕಫ ಒಡೆಯಿತು ಎಂದು ಖುಷಿಪಟ್ಟೆ. ನೋಡು, ಖುಷಿಪಟ್ಟೆ.

ಮಧ್ಯಾಹ್ನಕ್ಕೆ ಹಾಲು ಕುಡಿಯುವುದನ್ನೇ ಬಿಟ್ಟಿತು. ಸಂಜೆಗೆ ಪಕ್ಕೆಯಲ್ಲಿ ಗುಳಿ ಬೀಳುವ ಹಾಗೆ ಉಸಿರೆಳೆಯತೊಡಗಿತು, ತುಟಿ ನೀಲಿಯಾಯಿತು. ಹೆರಿಗೆಯಾದ ಹೊನ್ನಾವರದ ಆಸ್ಪತ್ರೆಗೇ ಹೋಗುವ ಎಂದು ಕಾರು ಹತ್ತಿದೆವು. ಅಲ್ಲಿ ಮುಟ್ಟುವ ತನಕ ನೀನು ಅದರ ಮೂಗಿನ ಹತ್ತಿರ ಬೆರಳು ಹಿಡಿದೇ ಇದ್ದೆ.

ಡಾಕ್ಟ್ರಮ್ಮ ನನ್ನನ್ನೇ ನೋಡಿ ಕೇಳಿದರು, "ಅಮ್ಮಾ, ಮನೆಯಲ್ಲಿ ಎಂತ ಹೊಗೆ ಇತ್ತು? ಒಲೆಯದಾ, ಸೊಳ್ಳೆಬತ್ತಿಯದಾ, ಲೋಬಾನದ್ದಾ?"

"ಎಂತದೂ ಇಲ್ಲ" ಎಂದೆ.

ನೀನೂ ನನ್ನ ಪರವಾಗಿ, ನಮ್ಮಮ್ಮ ಹೊಗೆ ಹಾಕುವುದಿಲ್ಲ ಎಂದೆ. ಆ ಮಾತು ಮೀನಿನ ಮುಳ್ಳಿನ ಹಾಗೆ ಇನ್ನೂ ಗಂಟಲಲ್ಲಿದೆ. ನಿನ್ನ ಅತ್ತೆ ಆಗಷ್ಟೇ ಕುಮಟಾದಿಂದ ಬಂದು ನಿಂತಿದ್ದರು. ಬಾಣಂತನಕ್ಕೆ ತವರಿಗೆ ಕಳಿಸಿದ್ದೇ ತಪ್ಪಾಯಿತು ಅನ್ನುತ್ತಾರೆ, ಮಗುವನ್ನು ಮತ್ತೆ ನನ್ನ ಕೈಗೆ ಕೊಡುವುದಿಲ್ಲ ಎಂದು ಹೆದರಿದೆ. ಗಾಜಿನ ಆಚೆ ಅದರ ಮೂಗಿಗೆ ನಳಿಕೆ ಹಾಕುವಾಗಲೂ ಸುಮ್ಮನಿದ್ದೆ.

ಆಮೇಲೆ ಡಾಕ್ಟ್ರಮ್ಮ ಬೇರೊಬ್ಬ ತಾಯಿಗೆ ಹೇಳುತ್ತಿದ್ದುದು ಕಿವಿಗೆ ಬಿತ್ತು. ಹೊಗೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕಣ ಇರುತ್ತದಂತೆ. ದೊಡ್ಡ ಧೂಳಾದರೆ ಮೂಗಿನಲ್ಲೇ ನಿಲ್ಲುತ್ತದೆ, ಇದು ಶ್ವಾಸಕೋಶದ ತಳದ ತನಕ ಇಳಿಯುತ್ತದಂತೆ. ವಾಸನೆ ಹೋದ ಮೇಲೂ ಮುಚ್ಚಿದ ಕೋಣೆಯಲ್ಲಿ ತೇಲುತ್ತಲೇ ಇರುತ್ತದಂತೆ. ಅಂದರೆ ನಾನು ಕೆಂಡ ಹೊರಗೆ ಚೆಲ್ಲಿ ಬಂದ ಮೇಲೂ ನೀವಿಬ್ಬರೂ ಅದರೊಳಗೇ ಮಲಗಿದ್ದಿರಿ.

ನಿನ್ನೆಯಿಂದ ನಾನು ಮೀಸಿದ ಮಕ್ಕಳನ್ನೆಲ್ಲ ಒಂದೊಂದಾಗಿ ನೆನೆಯುತ್ತಿದ್ದೇನೆ. ಹೆಚ್ಚಿನವರು ಗಟ್ಟಿಯಾಗಿ ಬೆಳೆದರು. ಆದರೆ ನಮ್ಮ ಕೇರಿಯಿಂದ ಭಟ್ಕಳಕ್ಕೆ ಮದುವೆಯಾಗಿ ಹೋದ ಸುಚಿತಾಳ ಎರಡನೆಯ ಮಗು ಇವತ್ತಿಗೂ ಉಬ್ಬಸದ ಪಂಪ್ ಎಳೆದುಕೊಂಡೇ ಶಾಲೆಗೆ ಹೋಗುತ್ತದೆ. ಅದು ನನ್ನಿಂದಲೋ ಅಲ್ಲವೋ, ಯಾರು ಹೇಳಬೇಕು? ಕೇಳಲು ಭಯವಾಗುತ್ತದೆ. ನನ್ನ ಕೈ ನೋಡಿಕೊಂಡರೇ ಭಯವಾಗುತ್ತದೆ.

ಡಾಕ್ಟ್ರಮ್ಮನಿಗೆ ಹೇಳು. ಮದ್ದು ಕೊಡುವವರಿಗೆ ನಿಜ ಗೊತ್ತಿರಬೇಕು. ನನ್ನ ಹೆಸರು ಉಳಿಸಲು ಹೋಗಬೇಡ. ಅತ್ತೆ ಕೇಳಿಸಿಕೊಂಡರೆ ಕೇಳಿಸಿಕೊಳ್ಳಲಿ. ನೀನು ಬೈಯುವುದಾದರೆ ಬೈ, ಮಾತು ಬಿಡುವುದಾದರೆ ಬಿಡು. ಮಗುವಿನ ಸುದ್ದಿ ಮಾತ್ರ ನನ್ನಿಂದ ಮುಚ್ಚಿಡಬೇಡ.

ನಿನ್ನ ಅಮ್ಮ,
ದೇವಿ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಶ್ರೀಧರನ ಫೋನ್ ಬಂತು. ಮಗು ನಳಿಕೆ ಇಲ್ಲದೆ ಉಸಿರಾಡುತ್ತಿದೆ, ಹಾಲು ಕುಡಿಯಿತು ಎಂದ. ಹೊಸ್ತಿಲಲ್ಲಿ ಕೂತು ಅತ್ತುಬಿಟ್ಟೆ. ನಿನ್ನ ಅತ್ತೆಯೂ ಫೋನ್ ತೆಗೆದುಕೊಂಡು, ನಿಮ್ಮ ಕೈಗುಣ ದೊಡ್ಡದು, ಮನೆಗೆ ಬಂದ ಮೇಲೆ ನೀವೇ ಮೀಸಬೇಕು ಎಂದರು. ಇನ್ನು ಈ ಕಾಗದ ಸುಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ ಅನ್ನಿಸಿತು. ಒಲೆಯ ತನಕ ಹೋದದ್ದೂ ಹೌದು. ಅಷ್ಟರಲ್ಲಿ ಪಕ್ಕದ ಮನೆಯ ಪ್ರದೀಪ ಬಂದು, ತನ್ನ ಹತ್ತು ದಿನದ ಕೂಸಿಗೆ ಶೀತವಾಗಿದೆ, ಸಂಜೆ ಬಂದು ಸ್ವಲ್ಪ ಹೊಗೆ ಹಾಕಿ ಎಂದ. ಅವನಿಗೆ ಎಲ್ಲ ಹೇಳಿದೆ. ಹೊಗೆ ಹಾಕಬೇಡಿ, ಈಗಲೇ ಡಾಕ್ಟ್ರಿಗೆ ತೋರಿಸಿ ಎಂದೆ. ಅವನು ನನ್ನ ಮುಖ ನೋಡಿ, ಮನೆ ಕಡೆ ಓಡಿದ. ರೂಪೇಶ ಚಪ್ಪಲಿ ಮೆಟ್ಟಿ ನಿಂತಿದ್ದಾನೆ. ಸಂಜೆಯೊಳಗೆ ಕೇರಿಗೆಲ್ಲ ಗೊತ್ತಾಗುತ್ತದೆ, ಭಾರತಿ. ನಿನಗಾದರೂ ನನ್ನಿಂದಲೇ ಗೊತ್ತಾಗಲಿ.