ಕಿರ್ ಎನ್ನದ ರೇಡಿಯೊ

ಧನ್ಯಾ,

ನೀನು ಏಳುವ ಮೊದಲೇ ನಿಮ್ಮಪ್ಪ ಬ್ಯಾಂಕಿಗೆ ಓಡುತ್ತಿದ್ದಾನೆ. ನಿನಗೆ ಮುಖ ತೋರಿಸುವ ಧೈರ್ಯವಿಲ್ಲ.

ವಿಶಾಖಪಟ್ಟಣದ ನಮ್ಮ ಹ್ಯಾಮ್ ರೇಡಿಯೊಗೆ ವಿಜಯವಾಡದ ದಿನಕರ ಅಂಕಲ್‌ರ ಸಂದೇಶ ಬಾರದೆ ಎಂಟು ದಿನವಾಯಿತಲ್ಲ. ಈ ಮಹಾನುಭಾವ ಮೊಡೆಮ್ಮಿನ ಸೆಟ್ಟಿಂಗ್ ಎಲ್ಲ ಬದಲಿಸಿದ. ಸಾಫ್ಟ್‌ವೇರನ್ನು ಮೂರು ಸಲ ಅಳಿಸಿ ಮತ್ತೆ ಹಾಕಿದ. ಪಾಪ, ಆ ಅಂಕಲ್‌ರನ್ನು ಮಟಮಟ ಮಧ್ಯಾಹ್ನ ತಾರಸಿ ಹತ್ತಿಸಿ ಆಂಟೆನಾ ನೋಡಿಸಿದ. ಕೊನೆಗೆ, ವೈರು ಎಳೆದವಳು ನೀನೇ ಎಂದು ಕೂಗಾಡಿದ.

ತಪ್ಪು ಇವತ್ತು ಸಿಕ್ಕಿತು. ಅಜ್ಜಿಯ ಫೋನ್ ಬಂದಾಗ ಅವನೇ ರೇಡಿಯೊದ ವಾಲ್ಯೂಮ್ ಪೂರ್ತಿ ಇಳಿಸಿ ಮರೆತಿದ್ದ. ರೇಡಿಯೊದ ಕಿರ್ ಸದ್ದನ್ನು ಅಕ್ಷರವಾಗಿಸುವ ಮೊಡೆಮ್, ಸದ್ದೇ ಕೇಳದಿದ್ದರೆ ಏನನ್ನು ಓದೀತು? ಮೊದಲ ದಿನವೇ ನೀನು, "ಅಪ್ಪಾ, ಇವತ್ತು ಅದು ಕಿರ್ ಕಿರ್ ಅಂತಾನೇ ಇಲ್ಲ ಕದಾ?" ಅಂತ ತೆಲುಗು ಬೆರೆಸಿ ಕೇಳಿದ್ದೆ. "ನಿಂಗೇನು ಗೊತ್ತಾಗುತ್ತೆ, ಸುಮ್ನಿರು" ಅಂದಿದ್ದ.

ಈಗ ಚೆನ್ನಾಗಿ ಕಿರುಗುಟ್ಟುತ್ತಿದೆ, ಆಫ್ ಮಾಡಬೇಡ. ಡಬ್ಬಿಯಲ್ಲಿ ಉಪ್ಪಿಟ್ಟಿದೆ, ಬಿಡದೆ ತಿನ್ನು.

ಈ ಚೀಟಿಯ ಹಿಂದೆ "ಧನ್ಯಾ ಕೈ ಹಾಕಬಾರದು" ಎಂದು ಅವನು ರೇಡಿಯೊ ಮೇಲೆ ಅಂಟಿಸಿದ್ದ ಬೋರ್ಡೇ ಇದೆ. "ಧನ್ಯಾ" ಹೊಡೆದುಹಾಕಿ "ಅಪ್ಪ" ಎಂದು ಬರೆದಿದ್ದಾನೆ. ಅದನ್ನು ಮತ್ತೆ ರೇಡಿಯೊ ಮೇಲೆ ನೀನೇ ಅಂಟಿಸು.

ಇಂತಿ,
ಆ ಮಹಾನುಭಾವನೇ, ನಿನ್ನ ಅಪ್ಪ